ಏಳನೆಯ ಸಹಿ

ಸಿರಿಲ್ ಬ್ರಾಮ್ಲಿಯನ್ನು ಕಂಡರೆ ಜಗನ್ನಾಥನಿಗೆ ಮೈ ಉರಿಯುತ್ತಿತ್ತು. ಆದರೂ ಅಂಥ ವಾದ್ಯಗಾರ ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಇನ್ನೊಬ್ಬನಿಲ್ಲ ಎಂಬುದನ್ನು ಅವನು ಅಲ್ಲಗಳೆಯುತ್ತಿರಲಿಲ್ಲ. ಯಾರ್ಕ್‌ಶೈರಿನ ಬಸ್ ಕಂಡಕ್ಟರನ ಮಗ ಬ್ರಾಮ್ಲಿ 1978ರಲ್ಲಿ ಕುಣಿತದ ತಂಡವೊಂದರ ಜೊತೆ ಬಂದು ಇಲ್ಲೇ ಬೇರುಬಿಟ್ಟಿದ್ದ. ಹಗಲು ಇಂಗ್ಲಿಷ್ ಪಾಠ; ತಿಂಗಳ ಮೊದಲ ಶುಕ್ರವಾರ ಪಬ್ಬೊಂದರ ಹಿಂದಿನ ಕೋಣೆಯಲ್ಲಿ ಇಂಗ್ಲೆಂಡಿನ ಜನಪದ ಹಾಡುಗಳ ಕೂಟ. ಪಿಟೀಲಿನವ ಬಾರದಿದ್ದರೆ ಪಿಟೀಲು, ಕೊಳಲಿನವ ಬಾರದಿದ್ದರೆ ಕೊಳಲು, ಯಾವುದಕ್ಕೂ ಸೈ. ದೂರದ ಗಾಯಕರನ್ನು ಕರೆಸಿ, ತನ್ನ ಮಂಚ ಬಿಟ್ಟುಕೊಟ್ಟು ನೆಲದ ಮೇಲೆ ಮಲಗುತ್ತಿದ್ದ. ನಾಲಗೆ ಮಾತ್ರ ಕತ್ತರಿ.

2001ರಲ್ಲಿ, ಜರ್ಮನಿ ಆಗ ಕಂಪ್ಯೂಟರ್ ತಜ್ಞರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಬಂದ ಉಡುಪಿಯ ಎಂಜಿನಿಯರ್ ಜಗನ್ನಾಥ ತನ್ನ ಪಿಟೀಲಿನೊಂದಿಗೆ ಕೂಟಕ್ಕೆ ಹೋದ. ಅಭ್ಯಾಸಬಲದಿಂದ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅವರ ನೇರ ಧಾಟಿಗೆ ಗಮಕ ಸೇರಿಸಿ ಎಳೆದ. ಬ್ರಾಮ್ಲಿ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ.

"ಹಾವಾಡಿಸುವುದಾದರೆ ಬೀದಿಯಲ್ಲಿ ಆಡಿಸು. ಏಳು ಮೇಲೆ."

ಇಪ್ಪತ್ತು ಜನ ನಕ್ಕರು. ಜಗನ್ನಾಥ ಮತ್ತೆ ಅತ್ತ ಸುಳಿಯಲಿಲ್ಲ.

ಎರಡು ವರ್ಷಗಳ ಮೇಲೆ ಪಬ್ಬಿನ ಮಾಲೀಕ ಕೋಣೆ ಬಿಡಿಸಿದ. ನಗರದ ಸಭಾಂಗಣ ಸಿಗುತ್ತಿತ್ತು, ಆದರೆ ನೋಂದಾಯಿತ ಫೆರೈನ್‌ಗೆ, ಅಂದರೆ ಸಂಘಕ್ಕೆ ಮಾತ್ರ. ನೋಂದಣಿಗೆ ಏಳು ಸಹಿ ಬೇಕು. ಇಷ್ಟು ವರ್ಷ ಕಂಡಕಂಡವರ ಜೊತೆ ಜಗಳವಾಡಿದ್ದ ಬ್ರಾಮ್ಲಿಗೆ ತನ್ನದೂ ಸೇರಿ ದಕ್ಕಿದ್ದು ಆರು.

ಶನಿವಾರ ಬೆಳಿಗ್ಗೆ ಅವನು ಜಗನ್ನಾಥನ ಮನೆಯ ಗಂಟೆ ಒತ್ತಿದ. "ಸೋಮವಾರ ಕೊನೆಯ ದಿನ. ಸಹಿ ಇಲ್ಲದಿದ್ದರೆ ಕೂಟ ಮುಗಿದಂತೆ."

ಅಡುಗೆಮನೆಯಿಂದ ಹೆಂಡತಿ ನಿರುಪಮಾ ಕನ್ನಡದಲ್ಲಿ ಕೂಗಿದಳು: "ಹಾವಾಡಿಗನ ಸೈನ್ ಎಂತಕ್ಕಂತೆ ಅವನಿಗೆ? ಹಾಕ್ಬೇಡಿ ಮಾರಾಯ್ರೆ. ಚಾ ಸಹ ಕೊಡುದಿಲ್ಲ ನಾನು."

"ನೀ ಸ್ವಲ್ಪ ಸುಮ್ನಿರು ಮಾರಾಯ್ತಿ."

"ಏನಂತೆ?" ಎಂದ ಬ್ರಾಮ್ಲಿ.

"ಕ್ಷಮೆ ಕೇಳಬೇಕಂತೆ."

"ಅವತ್ತು ನುಡಿಸಿದ್ದೇ ತಪ್ಪು. ನಾನ್ಯಾಕೆ ಕೇಳಲಿ?"

ಜಗನ್ನಾಥ ಅರ್ಜಿ ಓದಿದ. ಅಧ್ಯಕ್ಷ: ಸಿರಿಲ್ ಬ್ರಾಮ್ಲಿ. "ಈ ಹೆಸರಿದ್ದರೆ ನನ್ನ ಸಹಿ ಇಲ್ಲ."

ಮುದುಕನ ಕಿವಿ ಕೆಂಪಾಯಿತು. ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು, ಅಧ್ಯಕ್ಷನ ಜಾಗದಲ್ಲಿದ್ದ ತನ್ನ ಹೆಸರನ್ನು ಹರಿದುಹೋಗುವಂತೆ ಹೊಡೆದುಹಾಕಿದ. "ಯಾರದ್ದಾದರೂ ಬರಿ. ನಿನ್ನದೊಂದು ಬೇಡ."

ಮೊದಲು ಸಹಿ ಹಾಕಿದ್ದ ಶಾಲಾ ಶಿಕ್ಷಕಿ ಗುಡ್ರುನ್‌ಗೆ ಜಗನ್ನಾಥ ಫೋನ್ ಮಾಡಿ, ಅಧ್ಯಕ್ಷೆಯಾಗಲು ಒಪ್ಪಿಗೆಯೇ ಎಂದು ಕೇಳಿದ. ಅವಳು ಒಪ್ಪಿದ ಮೇಲೆ ಅವಳ ಹೆಸರು ಬರೆದು, ಕೆಳಗೆ ತನ್ನ ಸಹಿ ಹಾಕಿದ. ಬ್ರಾಮ್ಲಿ ಕಾಗದ ಕಿತ್ತುಕೊಂಡು ಮೆಟ್ಟಿಲಿಳಿದ.

ಕೂಟ ಉಳಿಯಿತು; ಜಗನ್ನಾಥನೂ ಪಿಟೀಲು ಹಿಡಿದು ಮತ್ತೆ ಹೋಗತೊಡಗಿದ. ಅವನು ಭಾರತಕ್ಕೆ ಮರಳುವವರೆಗಿನ ಮೂರು ವರ್ಷ ಇಬ್ಬರೂ ಅದೇ ಸಭಾಂಗಣದಲ್ಲಿ ನುಡಿಸಿದರು. ಮಾತು ಮಾತ್ರ ಆಡಲಿಲ್ಲ.