ಅಜ್ಜ ಹೆಣೆದ ಗರಿಯ ಶಿಲುಬೆ

ಇವತ್ತು ಬೆಳಿಗ್ಗೆ ಕಾರವಾರದ ಬಸ್ಸಿನಲ್ಲಿ, ಹಣೆಗೆ ಬೂದಿ ಹಚ್ಚಿಸಿಕೊಂಡ ಪುಟ್ಟ ಹುಡುಗಿಯೊಬ್ಬಳು ಎದುರು ಕೂತಿದ್ದಳು. ನನ್ನ ಸೊಂಟದಲ್ಲಿ ಏನೋ ಚುಚ್ಚಿದಂತಾಯಿತು.

ನಾನೂ ಅವಳಷ್ಟೇ ಪುಟ್ಟವಳಿದ್ದಾಗ, ಒಂದು ವರ್ಷ ಅಜ್ಜ ತೀರಿಕೊಂಡಿದ್ದ. ಅದರ ಹಿಂದಿನ ಗರಿಗಳ ಭಾನುವಾರ, ಈಸ್ಟರಿಗೆ ವಾರ ಮೊದಲು, ಅವನು ಎಳೆ ತೆಂಗಿನ ಗರಿಯಲ್ಲಿ ಹೆಣೆದ ಶಿಲುಬೆ ಮಾಜಾಳಿಯ ನಮ್ಮ ಮನೆಯಲ್ಲಿ ಏಸುವಿನ ಪಟದ ಹಿಂದೆ ಒಣಗುತ್ತಿತ್ತು. ಹಳೆಯ ಶಿಲುಬೆಗಳನ್ನೆಲ್ಲ ಇಗರ್ಜಿಗೆ ಕೊಡಬೇಕು. ಅವನ್ನು ಸುಟ್ಟ ಬೂದಿಯನ್ನೇ ಬೂದಿ ಬುಧವಾರ ಪಾದ್ರಿಗಳು ನಮ್ಮ ಹಣೆಗೆ ಹಚ್ಚಿ, ಮನುಷ್ಯ ಬರೀ ಮಣ್ಣೆಂಬ ದೇವರ ವಾಕ್ಯ ನೆನಪಿಸುತ್ತಿದ್ದರು. ಅಜ್ಜನದನ್ನು ಸುಡಲು ನಾನು ಬಿಡುವವಳಲ್ಲ. ಕದ್ದು ಫ್ರಾಕಿನೊಳಗೆ ಸಿಕ್ಕಿಸಿಕೊಂಡೆ.

ಇಗರ್ಜಿಗೆ ಹೊರಟ ಅಜ್ಜಿ ಪಟದ ಹಿಂದೆ ಕೈಯಾಡಿಸಿ ನನ್ನತ್ತ ತಿರುಗಿದಳು.

"ಎಲ್ಲಿಟ್ಟಿದ್ಯೆ?"

"ಇಲಿ ಒಯ್ದಿರ್ಬೇಕು."

ಇಗರ್ಜಿಯ ಗಂಟೆ ಶುರುವಾಯಿತು. ಉಸಿರು ಬಿಟ್ಟರೆ ಗರಿ ಸದ್ದು ಮಾಡುತ್ತದೆಂದು ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆ. ಅಜ್ಜಿ ನನ್ನ ರಟ್ಟೆ ಹಿಡಿದು ಹತ್ತಿರಕ್ಕೆ ಎಳೆದಳು. ಸೊಂಟದ ಬಳಿ ಚಟ್ಟೆಂದಿತು.

ಹೊರತೆಗೆದಾಗ ಶಿಲುಬೆ ಮೂರು ತುಂಡಾಗಿತ್ತು. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಅವಳು ತುಂಡುಗಳನ್ನು ಕರ್ಚೀಪಿನಲ್ಲಿ ಕಟ್ಟಿದಳು.

"ನಿನ್ನಜ್ಜ ವರ್ಷಾ ವರ್ಷಾ ಸುಡೂಕೆ ಕೊಡ್ತಿದ್ದ, ಮಗಳೆ. ಮತ್ತೆ ಹೊಸಾದು ಹೆಣೀತಿದ್ದ. ಒಂದನ್ನೇ ಇಟ್ಕಂಡಿದ್ರೆ ಅವನ ಕೈಗೆ ಹೆಣ್ಯೂದು ಮರ್ತೇ ಹೋಗ್ತಿತ್ತು."

ಮುಂದಿನ ಗರಿಗಳ ಭಾನುವಾರ ಅವಳು ಹಸಿ ಗರಿಯೊಂದನ್ನು ನನ್ನ ಮಡಿಲಿಗೆ ಹಾಕಿದಳು.

ಬಸ್ಸಿನ ಹುಡುಗಿ ಇಳಿಯುವಾಗ ಅವಳ ಹಣೆಯ ಬೂದಿ ಬೆವರಿಗೆ ಅರ್ಧ ಅಳಿಸಿತ್ತು. ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಬಸ್ ಟಿಕೆಟನ್ನು ಸೀಳಿ ಶಿಲುಬೆ ಹೆಣೆದಿದ್ದವು.