ಅಂಗೈಯಲ್ಲಿ ಬರೆದುಕೊಂಡು ಬಂದಾಕೆ

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಬೆರಳಿಗಂಟಿದ ವಾಸನೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದರ ಜೊತೆಗೇ ಕೆಸರೆಯಿಂದ ಬರುತ್ತಿದ್ದ ಆ ಹೆಂಗಸಿನ ನೆನಪು ಬಂತು. ಹೂಟಗಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ ಆಕೆಯ ಕೈಗೂ ನೋಟ್‌ಬುಕ್ಕಿಗೂ ಇದೇ ವಾಸನೆಯಿತ್ತು...

ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ಬನ್ನಿಮಂಟಪದ ನಮ್ಮ ಮನೆಯಲ್ಲಿ ಭಾನುವಾರಗಳಂದು ನಾಲ್ಕೈದು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಆಕೆ ಎಲ್ಲರಿಗಿಂತ ನಿಧಾನ. ಆದರೆ ಒಮ್ಮೆ ಕಲಿತದ್ದನ್ನು ಮರೆಯುತ್ತಿರಲಿಲ್ಲ.

ನನ್ನ ಯಜಮಾನರು ಅದೇ ಕಾರ್ಖಾನೆಯ ಆಫೀಸಿನಲ್ಲಿದ್ದರು. ಒಂದು ಶುಕ್ರವಾರ ಬೆಳಿಗ್ಗೆ ಮನೆಯಲ್ಲೇ ಏನೋ ಟೈಪ್ ಮಾಡುತ್ತಾ, "ವಾಲಂಟರಿಲಿ, ಸ್ಪೆಲಿಂಗ್ ಹೇಳು" ಎಂದರು. ಒಗ್ಗರಣೆ ಹಾಕುತ್ತಲೇ ಹೇಳಿದೆ. ಯಾತಕ್ಕೆ ಎಂದು ಕೇಳಲಿಲ್ಲ.

ಮರುದಿನ ಸಂಜೆ ಕೆಲಸ ಮುಗಿಸಿದವಳೇ ಆಕೆ ನೇರ ನಮ್ಮ ಮನೆಗೆ ಬಂದಳು. ಕೂರದೆ, ಅಂಗೈ ಚಾಚಿದಳು. ಬೆವರಿಗೆ ಅರ್ಧ ಅಳಿಸಿದ ನೀಲಿ ಅಕ್ಷರಗಳು.

"ರಜದ ಅರ್ಜಿ, ಸೋಮವಾರ ಎಲ್ರೂ ಸೈನ್ ಆಕಿ ಅಂದ್ರು ಆಫೀಸ್ನೋರು ಕಣಮ್ಮ. ಮೇಜಿನ ಮೇಲಿದ್ದಿದ್ನ ನೋಡ್ದೆ. ಲೀವು ಅಂದ್ರೆ ರಜ ತಾನೆ? ಅದ್ರಲ್ಲಿ ಲೀವಿಂಗ್ ಮೈ ಜಾಬ್ ಅಂತ ಅದೆ. ಆಮೇಲೆ ಈ ಉದ್ದದ ಪದ. ಓದಕ್ಕಾಗ್ನಿಲ್ಲ, ಬರ್ಕಂಡು ಬಂದ್ಬುಟ್ಟೆ."

ಹಿಂದಿನ ದಿನ ಯಜಮಾನರಿಗೆ ನಾನೇ ಹೇಳಿಕೊಟ್ಟ ಅಕ್ಷರಗಳು. ಒಳಗೆ ಕೋಣೆಯಲ್ಲಿ ಯಜಮಾನರು ಪೇಪರ್ ಮಡಚಿದ ಸದ್ದು ಕೇಳಿಸಿತು. ನನಗೂ ಗೊತ್ತಿಲ್ಲ ಎಂದುಬಿಡಬಹುದಿತ್ತು. ಹೇಳಿದರೆ ಅವರ ಕೆಲಸಕ್ಕೇ ಸಂಚಕಾರ. ಆಕೆ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ, ನನ್ನ ಮುಖದಿಂದ ಕಣ್ಣೂ ತೆಗೆಯಲಿಲ್ಲ.

"ಯಾರ ಬಲವಂತವೂ ಇಲ್ಲದೆ, ನಮ್ಮಷ್ಟಕ್ಕೆ ನಾವೇ ಅಂತ ಅರ್ಥ," ಎಂದೆ. "ಅದು ರಜದ ಅರ್ಜಿಯಲ್ಲ. ನಾವಾಗಿ ನಾವೇ ಕೆಲಸ ಬಿಡ್ತಿದೀವಿ ಅಂತ ಬರೆದಿದೆ. ಸೈನ್ ಮಾಡ್ಬೇಡಿ. ಉಳಿದವ್ರಿಗೂ ಹೇಳಿ."

ಆಕೆ ಮುಷ್ಟಿ ಮುಚ್ಚಿಕೊಂಡಳು. "ಇನ್ನು ನಾನು ಇಲ್ಲಿಗೆ ಬರದು ಬ್ಯಾಡ ಕಣಮ್ಮ. ನಿಮಗೆ ತೊಂದ್ರೆ," ಎಂದು ಹೊರಟುಬಿಟ್ಟಳು.

ಸೋಮವಾರ ಯಾರೂ ಸಹಿ ಹಾಕಲಿಲ್ಲ. ಓದಿ ಹೇಳಿದ್ದು ಯಾರೆಂದು ಒಬ್ಬೊಬ್ಬರನ್ನೇ ಕರೆದು ಗದರಿಸಿದರಂತೆ. "ನಾನೇ ಓದ್ದೆ" ಎಂದಳಂತೆ ಆಕೆ. ಆ ಕಾಗದ ಮತ್ತೆ ಹೊರಬರಲಿಲ್ಲ, ಹೆಂಗಸರ ಕೆಲಸ ಉಳಿಯಿತು. ಯಜಮಾನರು ವಾರವಿಡೀ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೊಂದು ದಿನ ಊಟಕ್ಕೆ ಕೂತವರು ತಲೆ ಎತ್ತದೆಯೇ, "ಹೇಳಿದ್ದು ಒಳ್ಳೇದಾಯ್ತು" ಎಂದರು.

ಆಕೆ ಮತ್ತೆ ಬರಲಿಲ್ಲ. ನಾನೂ ಕೆಸರೆಗೆ ಹೋಗಲಿಲ್ಲ. ಕಾಗದ ಯಾರು ಟೈಪ್ ಮಾಡಿದ್ದೆಂದು ಗೊತ್ತಾದರೆ ನನ್ನ ಬಗ್ಗೆ ಏನಂದುಕೊಳ್ಳುತ್ತಾಳೋ ಎಂಬ ಅಳುಕು... ಹೀಗೇ ವರ್ಷಗಳು ಕಳೆದವು.

ಹೋದ ಭಾನುವಾರ ತರಗತಿಗೆ ಹೊಸಬಳೊಬ್ಬಳು ಬಂದಳು. ಅದೇ ಕಾರ್ಖಾನೆಯವಳು. ಊಟದ ಬಿಡುವಿನಲ್ಲಿ ತನಗೂ ಜೊತೆಯವರಿಗೂ ಎಬಿಸಿಡಿ ಕಲಿಸಿದ್ದು ಕೆಸರೆಯ ಆಕೆಯೇ ಎಂದಳು. ಹೇಗಿದ್ದಾರೆ ಎಂದು ಕೇಳಿದೆ.

"ಓಗ್ಬುಟ್ರಲ್ಲಮ್ಮ, ಶಿವರಾತ್ರಿಗೆ ಮುಂಚೇನೇ." ಚೀಲದಿಂದ ನೋಟ್‌ಬುಕ್ ತೆಗೆಯುತ್ತಾ ಮುಂದುವರಿಸಿದಳು. "ಆ ಕಾಗ್ದ ನಿಮ್ಮನೆ ಸಾರೇ ಟೈಪ್ ಮಾಡಿದ್ದು ಅಂತ ಅವ್ರಿಗೆ ಅವತ್ತೇ ಗೊತ್ತಿತ್ತು. ಆ ಮನೆಗೇ ಯಾಕೋಯ್ತೀಯ ಅಂದ್ವಿ. ಮೇಡಮ್ಮೋರು ಅರ್ಥ ತಪ್ಪು ಹೇಳಾಕಿಲ್ಲ ಅಂದ್ಬುಟ್ಟು ಬಂದ್ರು."

ಇಷ್ಟು ವರ್ಷ ನಾನು ಮುಚ್ಚಿಟ್ಟುಕೊಂಡದ್ದು ಆಕೆಗೆ ಮೊದಲೇ ತಿಳಿದಿತ್ತು. ಒಂದು ಸಲ ಹೋಗಿ ಮಾತಾಡಿಸಿದ್ದರೆ ಸಾಕಿತ್ತು. ಈಗ ಹೋಗಲು ಆಕೆಯೇ ಇಲ್ಲ.

ಪುಸ್ತಕ ತೆರೆದೆ. ಮೊದಲ ಸಾಲು ನಾನು ಹೇಳಿಕೊಡಬೇಕಿತ್ತು, ಬರೀ ಬೆರಳಿಟ್ಟು ತೋರಿಸಿದೆ. ಹೊಸಬಳು ಒಂದು ಕ್ಷಣ ಕಾದಳು. ಆಮೇಲೆ ತಾನೇ ಓದಿಕೊಂಡು ಹೋದಳು.