ಅತ್ತಿಗೆ, ಎಲೆ ಮತ್ತು ಮೂರು ಕನ್ನಡಕ

ನಮ್ಮ ಅತ್ತಿಗೆಗೆ ನಾನಿಟ್ಟ ಹೆಸರು ‘ಹದಮ್ಮ’. ಚಹಾ, ಮಗಳ ಸ್ನಾನದ ನೀರು, ಅಣ್ಣನ ಸಿಟ್ಟು, ಎಲ್ಲಕ್ಕೂ ಒಂದು ಹದವಿದೆ ಎಂಬುದು ಅವರ ನಂಬಿಕೆ. ಅದು ತಪ್ಪಿದಾಗ ತಿಳಿಸದೇ ಇದ್ದರೆ ಅವರಿಗೆ ಊಟ ಸೇರುವುದಿಲ್ಲ. ನಾನು ಚಹಾ ಕುದಿಸುತ್ತಿದ್ದರೆ, “ಇಳಿಸೋ ಸಾಕು, ಅದರ ಪ್ರಾಣ ತೆಗೀಬೇಡ” ಎಂದು ಕೋಣೆಯೊಳಗಿಂದಲೇ ಹೇಳುತ್ತಾರೆ.

ಇದು ಪ್ರಯೋಗಾಲಯದಿಂದ ಅಂಟಿದ ಚಾಳಿ. ಔಷಧಿ ಗಿಡದ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರು ಬೆರೆಸಿದ ಆಲ್ಕೋಹಾಲಿಗೆ ಹಾಕಿ, ಆ ಗಾಜಿನ ಫ್ಲಾಸ್ಕನ್ನು ಸ್ಟೀಲು ತೊಟ್ಟಿಯ ನೀರಿನಲ್ಲಿ ಇಳಿಬಿಡುತ್ತಾರೆ. ತೊಟ್ಟಿಯ ತಳದಿಂದ ನಮ್ಮ ಕಿವಿಗೆ ನಿಲುಕದ ಶಬ್ದದ ಅಲೆಗಳು ಹೊರಟು, ಎಲೆಯನ್ನು ಜಾಡಿಸಿ, ಒಳಗಿನ ಒಳ್ಳೆಯ ಅಂಶಗಳನ್ನು ಹೊರಗೆಳೆಯುತ್ತವೆ. ಹೊತ್ತು ಸಾಲದಿದ್ದರೆ ಸಾರ ಎಲೆಯಲ್ಲೇ ಉಳಿಯುತ್ತದೆ, ಬಿಸಿ ಹೆಚ್ಚಾದರೆ ಹೊರಬಂದದ್ದೂ ಕೆಡುತ್ತದೆ. ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ಆಲ್ಕೋಹಾಲು ಎಂದು ಹುಡುಕುವುದೇ ಅವರ ಪಿಎಚ್‌ಡಿ. ಅದು ಮುಗಿದ ಮೇಲೆ ಮಗು ಎಂದುಕೊಂಡಿದ್ದರಂತೆ. ಮಗು ಈಗ ತಾಯಿಯ ಪ್ರಬಂಧವನ್ನು ಅಕ್ಷರ ಕೂಡಿಸಿ ಓದುತ್ತದೆ.

“ಆ ಎಲೆಗಿರೋ ಬೆಲೆ ಈ ಮನೇಲಿ ನನಗಿಲ್ಲ” ಎಂದು ನಮ್ಮಮ್ಮ ಬಂದವರೆದುರೆಲ್ಲ ಹೇಳುತ್ತಿದ್ದರು. ಅತ್ತಿಗೆ ಕೇಳಿಸಿದರೂ ಕೇಳಿಸದವರಂತೆ ನಮ್ಮ ಮೂವರ ಕನ್ನಡಕಗಳನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ಆ ತೊಟ್ಟಿಯಲ್ಲಿ ಅದ್ದಿದರೆ ಸಂದುಗೊಂದಿನ ಕೊಳೆಯೂ ಬಿಡುತ್ತದೆ ಎನ್ನುತ್ತಿದ್ದರು. ಅಷ್ಟು ವರ್ಷದ ಸಂಶೋಧನೆಯಿಂದ ಮನೆಗಾದ ಲಾಭ ಇದೊಂದೇ ಎಂದು ನಾನು ರೇಗಿಸುತ್ತಿದ್ದೆ.

ಕೊನೆಯದೊಂದು ಪರೀಕ್ಷೆ ಉಳಿದಿತ್ತು. ಲೆಕ್ಕ ತೋರಿಸಿದ ಹದದಲ್ಲಿ ಮೂರು ಫ್ಲಾಸ್ಕು ಮಾಡಿದರೆ ಮೂರರಲ್ಲೂ ಹೆಚ್ಚುಕಮ್ಮಿ ಲೆಕ್ಕ ಹೇಳಿದಷ್ಟೇ ಸಾರ ಬರಬೇಕು. ಬಾರದಿದ್ದರೆ ಪ್ರಬಂಧ ವಾಪಸ್. ಆ ತಿಂಗಳಿಗೆ ಅವರ ನೋಂದಣಿಯ ಅವಧಿಯೂ ಮುಗಿಯುತ್ತಿತ್ತು. ಸರಿಯಾಗಿ ಬಂದದ್ದು ಒಂದರಲ್ಲಿ ಮಾತ್ರ.

ಆ ಸಂಜೆ ಅತ್ತಿಗೆ ಕನ್ನಡಕಗಳನ್ನು ಮೇಜಿನ ಮೇಲಿಟ್ಟು ಕುಕ್ಕರಿಸಿದರು. ಸುದ್ದಿ ಕೇಳಿದ ಗಾಬರಿಯಲ್ಲಿ ನಾನು ಚಹಾವನ್ನು ಕಪ್ಪಗಾಗುವಷ್ಟು ಕುದಿಸಿಬಿಟ್ಟಿದ್ದೆ. ತುಟಿಪಿಟಕ್ಕೆನ್ನದೆ ಕುಡಿದರು. ವಿಷಯ ಎಷ್ಟು ಕೆಟ್ಟಿದೆ ಎಂದು ನನಗೆ ತಿಳಿದದ್ದು ಆಗ.

ಅವರ ಮನಸ್ಸು ಹಗುರಾಗಲೆಂದು ಜಗಳ ತೆಗೆದೆ. “ಇದೇನು ಪಕ್ಷಪಾತ ಅತ್ತಿಗೆ? ಅಮ್ಮಂದು ಫಳಫಳ ಅಂತಿದೆ. ನಂದೂ ಅಣ್ಣಂದೂ ನೋಡಿ, ಯಾವಾಗ್ಲೂ ಕೊಳೆ ಇದ್ದ ಹಾಗೇ ಇರುತ್ತೆ.”

“ಮೂರನ್ನೂ ಒಟ್ಟಿಗೇ ಹಾಕಿದ್ದೆನಲ್ಲ” ಎಂದರು ಮಂಕಾಗಿ. “ಅತ್ತೇದು ಅಂಚಿಗೆ ತಾಗಿ ಗೀರು ಬೀಳಬಾರದು ಅಂತ ಯಾವಾಗ್ಲೂ ನಡುವೆ ಇಡ್ತೀನಿ. ನಿಮ್ಮವು ಪಕ್ಕದಲ್ಲಿ...”

ಥಟ್ಟನೆ ಎದ್ದರು. ಕನ್ನಡಕಗಳನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಫ್ಲಾಸ್ಕೂ ಹಾಗೇ ಇಟ್ಟೆ ಕಣೋ. ಇಷ್ಟು ದಿನ ಒಂದೊಂದೇ ಮಾಡ್ತಿದ್ದೆ, ನಡುವೆ ಇಟ್ಟು. ಇವತ್ತು ಮಗಳಿಗೆ ಬೇಗ ಬರ್ತೀನಿ ಅಂದಿದ್ದೆ, ಮೂರನ್ನೂ ಒಟ್ಟಿಗೆ ಇಳಿಬಿಟ್ಟೆ. ಪಕ್ಕದವಕ್ಕೆ ಶಬ್ದದ ಏಟು ಸರಿಯಾಗಿ ಬಿದ್ದೇ ಇಲ್ಲ.”

ಊರಿಗೆಲ್ಲ ಹದ ಹೇಳುವವರು ಅವಸರಪಟ್ಟದ್ದು ಒಂದೇ ದಿನ, ಅದೂ ಬೇಡವಾದ ದಿನ.

ಮೂಲೆಯಲ್ಲಿ ಕೂತಿದ್ದ ಅಮ್ಮ ಎದ್ದು ಬಂದು ತಮ್ಮ ಕನ್ನಡಕ ಎತ್ತಿಕೊಂಡರು. “ಇನ್ಮೇಲೆ ನಂದು ಪಕ್ಕದಲ್ಲೇ ಇಡಮ್ಮ. ನಡುವಿನ ಜಾಗ ಎಲೆಗಿರಲಿ.”

ಮರುದಿನ ಅತ್ತಿಗೆ ಶಬ್ದದ ಏಟು ಎಲ್ಲಿ ಬೀಳುತ್ತದೆಂದು ತಿಳಿಯಲು ಮೊದಲು ತೊಟ್ಟಿಯಲ್ಲಿ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ ಇಳಿಬಿಟ್ಟು ನೋಡಿದರಂತೆ. ನಡುವೆ ಜಲ್ಲಡಿಯಂತೆ ತೂತು, ಅಂಚಿನಲ್ಲಿ ಒಂದು ಗೀರೂ ಇಲ್ಲ. ಫ್ಲಾಸ್ಕುಗಳನ್ನು ಒಂದಾದ ಮೇಲೊಂದು ನಡುವೆ ಇಟ್ಟರು. ಮೂರೂ ಲೆಕ್ಕಕ್ಕೆ ಸರಿಹೋದವು. ಸಂಜೆ ಮನೆಗೆ ಬಂದು, ನಾನು ಕೊಟ್ಟ ಚಹಾ ಒಂದು ಗುಟುಕು ಕುಡಿದು, “ಇದನ್ನ ಚಹಾ ಅಂತಾರಾ?” ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಅಮ್ಮ ಈಗ ಬಂದವರ ಮುಂದೆ ಎಲೆಯ ಸುದ್ದಿ ಎತ್ತುವುದಿಲ್ಲ. ಮುಂದಿನ ಸಲ ಕನ್ನಡಕಗಳು ತೊಟ್ಟಿಯಿಂದ ಮನೆಗೆ ಬಂದಾಗ ನನ್ನದರಲ್ಲಿ ಕೊಳೆ ಇದ್ದ ಹಾಗೇ ಇತ್ತು, ಅಣ್ಣನದರಲ್ಲೂ ಇತ್ತು. ಅಮ್ಮನದು ಫಳಫಳ ಹೊಳೆಯುತ್ತಿತ್ತು.